ಪ್ರತಿಕ್ರಿಯೆ: ಅಡಿಕೆ ಬುಡದ ಅಣಬೆಗೆ ‘ಲುಸಿಡಮ್’ ಅಂತ ಬಂದರೆ
ಮಂಗಳೂರಿನ ತೋಟದಲ್ಲಿ ಅಡಿಕೆ ಮರಕ್ಕೆ ಅಣಬೆ ರೋಗ (ಬುಡ ಕೊಳೆಸುವ ರೋಗ) ತಂದ ಅಣಬೆ ಯಾವ ಪ್ರಭೇದ ಅಂತ ಕೇಳಿದ್ದೀರಿ. ಅದರ ಮಾದರಿಗೆ ಐಟಿಎಸ್ (ಶಿಲೀಂಧ್ರ ಗುರುತಿಸಲು ಓದುವ ಡಿಎನ್‌ಎ ತುಣುಕು) ಹೋಲಿಕೆ ‘ಗ್ಯಾನೊಡರ್ಮಾ ಲುಸಿಡಮ್’ ಅಂದದ್ದು ಬಹುಶಃ ಜೆನ್‌ಬ್ಯಾಂಕ್ ಎಂಬ ಡಿಎನ್‌ಎ ದತ್ತಸಂಗ್ರಹದ ಹಳೆಯ ತಪ್ಪು ಹೆಸರುಗಳಿಂದ. ಲುಸಿಡಮ್ 1781ರಲ್ಲಿ ಇಂಗ್ಲೆಂಡಿನ ಮಾದರಿಗೆ ಇಟ್ಟ ಹೆಸರು. ಮೇಲ್ಮೈ ಮಿರಮಿರ ಮಿಂಚಿದ್ದಕ್ಕೆಲ್ಲ ಅದನ್ನೇ ಅಂಟಿಸಿಬಿಟ್ಟಿದ್ದಾರೆ.

ಮೊದಲು ಟೈಪ್ ಮಾದರಿಗಳ (ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾದ ಮೂಲ ಮಾದರಿಗಳು) ಡಿಎನ್‌ಎ ಸೀಕ್ವೆನ್ಸ್‌ಗಳ ಜೊತೆ ಮಾತ್ರ ಹೋಲಿಸಿ. ಆಮೇಲೆ ಟೆಫ್1, ಆರ್‌ಪಿಬಿ2 ಎಂಬ ಇನ್ನೆರಡು ಜೀನ್‌ಗಳನ್ನೂ ಓದಿಸಿ, ಐಟಿಎಸ್ ಜೊತೆ ಮೂರನ್ನೂ ಸೇರಿಸಿ ವಂಶವೃಕ್ಷ ಕಟ್ಟಿ. ಸೂಕ್ಷ್ಮದರ್ಶಕ ಬಿಡಬೇಡಿ ಮಾರಾಯ್ರೆ: ಕೆಒಎಚ್ (ಪೊಟ್ಯಾಷಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿ 30 ಬೀಜಾಣುಗಳನ್ನಾದರೂ ಅಳೆಯಿರಿ, ಅಣಬೆಯ ಅಡಿಭಾಗದಲ್ಲಿ ಮಿಲಿಮೀಟರಿಗೆ ಎಷ್ಟು ರಂಧ್ರ ಎಂದು ಎಣಿಸಿ. ಬೀಜಾಣುವಿಗೆ ಎರಡು ಪದರದ ಗೋಡೆ, ಮೊಂಡು ತುದಿ ಇದ್ದರೆ ಅದು ಗ್ಯಾನೊಡರ್ಮಾ ಕುಲದ್ದೇ ಎಂಬ ಬಗ್ಗೆ ಸಂಶಯ ಬೇಡ. ಬಣ್ಣ, ತೊಟ್ಟು ನಂಬಬೇಡಿ. ವಯಸ್ಸು, ಮಳೆ ನೋಡಿಕೊಂಡು ಬದಲಾಗುತ್ತವೆ. ಪ್ರಭೇದ ಯಾವುದೆಂದು ಫೋಟೋದಿಂದ ಹೇಳಲಾಗದು. ಒಣಗಿಸಿದ ತುಂಡನ್ನು ಜೋಪಾನ ಮಾಡಿ, ಮತ್ತೆ ಬೇಕಾಗುತ್ತದೆ.