ಹದಿಹರೆಯದ ಮಕ್ಕಳು ಆರೋಗ್ಯ ಅಂದ್ರೆ ಏನು ಅನ್ಕೊಂಡಿರ್ತಾರೆ?

ಜಾಸ್ತಿ ಜನಕ್ಕೆ ಆರೋಗ್ಯ ಅಂದ್ರೆ ನೋಡೋಕೆ ಹೆಂಗಿದೀವಿ ಅನ್ನೋದೇ, ಹುಡುಗ್ರಿಗೆ ಜಿಮ್ ಬಾಡಿ, ಹುಡುಗೀರಿಗೆ ಮೊಡವೆ ಇಲ್ದಿರೋ ಮುಖ. ಮುಂದೆ ಶುಗರ್ ಬರುತ್ತೆ ಅಂತ ಹೆದರಿಸಿದ್ರೆ ಕಿವಿಗೇ ಹಾಕ್ಕೊಳಲ್ಲ. ನಮ್ಮ ಮಂಡ್ಯದಲ್ಲಿ ಬೆಳಗ್ಗೆ ಟ್ಯೂಷನ್ನಿಗೆ ಬಸ್ ಹತ್ತೋ ಪಿಯು ಹುಡುಗೀರು ಎಷ್ಟೋ ಜನ ಖಾಲಿ ಹೊಟ್ಟೇಲೇ ಬರ್ತಾರೆ, ಸಂಜೆ ಗಾಡಿ ಹತ್ರ ಗೋಬಿ ತಿಂದು ಮನೇಲಿ ಮುದ್ದೆ ಬೇಡ ದಪ್ಪ ಆಗ್ತೀನಿ ಅಂತಾರೆ, ಆದ್ರೆ 100 ಗ್ರಾಂ ರಾಗೀಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಮೂಳೆ ಗಟ್ಟಿಯಾಗೋ ವಯಸ್ಸೇ ಇದು ಕಣ್ರೀ! ಮುಟ್ಟಲ್ಲಿ ರಕ್ತ ಹೋಗೋದ್ರಿಂದ ಕಬ್ಬಿಣಾಂಶನೂ ಬೇಕು, ಸ್ಕೂಲಲ್ಲಿ ವಾರಕ್ಕೊಂದು ಕೊಡೋ ನೀಲಿ ಮಾತ್ರೆ ಅದಕ್ಕೇ, ದಯವಿಟ್ಟು ಎಸೀಬೇಡಿ. ದಿನಕ್ಕೆ 8ರಿಂದ 10 ಗಂಟೆ ನಿದ್ದೆನೂ ಬೇಕು. ಹೆದರಿಸೋ ಬದಲು, ಸರಿಯಾಗಿ ತಿಂದು ನಿದ್ದೆ ಮಾಡಿದ್ರೆ ಕಬಡ್ಡೀಲಿ ಬೇಗ ಸುಸ್ತಾಗಲ್ಲ, ಪಾಠ ತಲೆಗೆ ಹತ್ತುತ್ತೆ ಅಂತ ಹೇಳಿ ನೋಡಿ, ಕೇಳಿಸ್ಕೋತಾರೆ.