ಡಿಸೆಂಬರಲ್ಲಿ ಇಪ್ಪತ್ತು ಇಂಚು ಮಳೆ!

ಪ್ರಶ್ನೆ: ಸರ್, ಮೂಡಿಗೆರೆ ಹತ್ರ ನಮ್ದು ಕಾಫಿ ತೋಟ. ಅಪ್ಪ ಮಳೆ ಲೆಕ್ಕ ಬರೀತಾರೆ, ತೋಟದ ರೈಟರ್ (ಗುಮಾಸ್ತರು) ಚೆಕ್‌ರೋಲ್ ಅಂದ್ರೆ ಆಳುಗಳ ಹಾಜರಿ ಮತ್ತೆ ಕುಯ್ಲಿನ ಕೆಜಿ ಬರೀತಾರೆ, ಮೇಲಿನ ತೋಟದ್ದೆಲ್ಲಾ ಚಿಕ್ಕಪ್ಪನ ಹತ್ರ. ನಾನು ಅಷ್ಟೂ ಒಂದೇ ಎಕ್ಸೆಲ್ ಶೀಟಿಗೆ ಸೇರಿಸ್ದೆ. ಈಗ ಡಿಸೆಂಬರಲ್ಲಿ ಒಂದೇ ಸಂಜೆ ಬಿದ್ದ 90 ಸೆಂಟ್ (ನೂರು ಸೆಂಟ್ ಅಂದ್ರೆ ಒಂದಿಂಚು) ಮಳೆ ಟೋಟಲ್‌ನಲ್ಲಿ 19.80 ಇಂಚು ಅಂತ ಬರ್ತಿದೆ, ಅಪ್ಪ ನಗ್ತಾರೆ. ಬೇರೆ ಬೇರೆನೇ ಇಡ್ಬೇಕಿತ್ತಾ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಗದೇ ಇನ್ನೇನ್ ಮಾಡ್ತಾರೆ ಬಿಡಿ! 19.80ನ 0.90ರಿಂದ ಭಾಗಿಸಿ ನೋಡಿ, ಸರಿಯಾಗಿ 22. ಆವತ್ತು ಚೆಕ್‌ರೋಲಲ್ಲಿ 22 ಆಳಿದ್ರು ಅನ್ಸುತ್ತೆ, ದಿನಕ್ಕೊಂದೇ ಸಾಲು ಇರೋ ಮಳೆನ ಆಳಿಗೊಂದು ಸಾಲು ಇರೋ ಶೀಟಿಗೆ ಜೋಡಿಸಿದ್ರೆ ಅದೇ 90 ಸೆಂಟು ಎಲ್ಲರ ಹೆಸರಿನ ಮುಂದೂ ಬಂದು ಕೂತ್ಕೊಳುತ್ತೆ, ಟೋಟಲ್ ಹೊಡೆದಾಗ 22 ಸಲ ಮಳೆ ಸುರಿಯುತ್ತೆ. ಹಾಗಾಗಿ ಮೊದ್ಲು ಚೆಕ್‌ರೋಲ್ ಕೆಜಿನ ಪಿವಟ್ (ಎಕ್ಸೆಲ್‌ನಲ್ಲಿ ಸಾಲುಗಳನ್ನ ಗುಂಪು ಮಾಡಿ ಕೂಡಿಸೋ ಟೇಬಲ್) ಹಾಕಿ ದಿನಕ್ಕೊಂದು ಸಾಲು ಮಾಡ್ಕೊಳ್ಳಿ, ಆಮೇಲೆ ಮಳೆ ಸೇರ್ಸಿ.

ಹೌದು, ಬೇರೆ ಬೇರೆನೇ ಇಡಿ. ಯಾರು ಬರೀತಾರೋ ಅವರ ಫೈಲ್ ಅವರದ್ದೇ, ಬೇರೆಯವರು ಕೈ ಹಾಕೋದು ಬೇಡ. ತಿಂಗಳ ಕೊನೆಗೆ ಇನ್ನೊಂದು ಖಾಲಿ ಫೈಲಲ್ಲಿ ಪವರ್ ಕ್ವೆರಿ (ಬೇರೆ ಫೈಲುಗಳಿಂದ ಮಾಹಿತಿ ತರೋಕೆ ಎಕ್ಸೆಲ್‌ನಲ್ಲೇ ಇರೋ ಸೌಲಭ್ಯ) ಇಂದ ಎಲ್ಲಾ ಎಳ್ಕೊಳ್ಳಿ, ಅದರಲ್ಲಿ ಒಂದಕ್ಷರನೂ ಟೈಪ್ ಮಾಡ್ಬೇಡಿ, ತಪ್ಪು ಸಿಕ್ರೆ ಮೂಲ ಫೈಲಲ್ಲಿ ತಿದ್ದಿ ರಿಫ್ರೆಶ್ ಒತ್ತಿ. ಆಳುಗಳನ್ನ ಹೆಸರಿಂದ ಜೋಡಿಸ್ಬೇಡಿ, ಒಂದಿನ ಲಕ್ಷ್ಮಿ ಇನ್ನೊಂದಿನ ಲಕ್ಷ್ಮಮ್ಮ ಅಂತ ಬರೆದಿರ್ತಾರೆ, ಚೆಕ್‌ರೋಲ್ ನಂಬರೇ ವಾಸಿ.

ಅಂದಹಾಗೆ ಚಿಕ್ಕಪ್ಪ ಮಳೆ ಯಾವುದರಲ್ಲಿ ಬರೀತಾರೆ ಕೇಳಿದ್ರಾ? ನಮ್ಮ ಕಡೆ ಹಳಬರಿಗೆ ಇಂಚು-ಸೆಂಟೇ ಸೈ, ಆದ್ರೆ ಹೊಸ ಮಳೆಮಾಪಕ ತಂದವರು ಮಿಲಿಮೀಟರ್ ಬರೀತಾರೆ. ಒಂದಿಂಚು ಅಂದ್ರೆ 25.4 ಮಿಲಿಮೀಟರ್, ನಿಮ್ಮ 90 ಸೆಂಟು ಅವರ ಲೆಕ್ಕದಲ್ಲಿ 22.86. ಎಕ್ಸೆಲ್‌ಗೆ ಎರಡೂ ಬರೀ ಅಂಕಿ, ಸುಮ್ನೆ ಕೂಡಿಸುತ್ತೆ. 1999ರಲ್ಲಿ ನಾಸಾದವರೇ ಇದೇ ಥರ ಎಡವಿ ಮಂಗಳ ಗ್ರಹಕ್ಕೆ ಕಳಿಸಿದ್ದ ನೌಕೆ ಕಳ್ಕೊಂಡ್ರು, ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿದ್ದನ್ನ ಇನ್ನೊಂದು ನ್ಯೂಟನ್ ಅಂದ್ಕೊಳ್ತು, ನಮ್ದು ನಿಮ್ದು ಯಾವ ಲೆಕ್ಕ. ಚಿಕ್ಕಪ್ಪನಿಗೆ ಇಂಚಲ್ಲಿ ಬರೀರಿ ಅನ್ನೋಕೆ ಹೋಗ್ಬೇಡಿ, ಜಗಳ ಆಗುತ್ತೆ. ಅವರ ಫೈಲ್ ಹಂಗೇ ಇರ್ಲಿ, ಮಿಲಿಮೀಟರಲ್ಲಿದ್ರೆ ಎಳ್ಕೊಳ್ಳುವಾಗ 25.4ರಿಂದ ಭಾಗಿಸ್ಕೊಳ್ಳಿ, ಕಾಲಮ್ ಹೆಸರಲ್ಲೇ ‘ಮಳೆ ಇಂಚು’ ಅಂತ ಹಾಕ್ಬಿಡಿ, ಎರಡು ತೋಟದ ಮಳೆ ಎರಡು ಕಾಲಮ್‌ನಲ್ಲೇ ಇರ್ಲಿ.

ಅಪ್ಪನಿಗೆ ತೋರ್ಸೋ ಮುಂಚೆ ಡಿಸೆಂಬರ್ ಟೋಟಲ್ 0.90 ಬಂತಾ ನೋಡ್ಕೊಳ್ಳಿ.