ಓದುಗರ ಪ್ರಶ್ನೆಗಳಿಗೆ ಉತ್ತರ: ಕಾಲುವೆಯ ಕೊನೆಯಲ್ಲಿ ಕಾಯುವವರು

ಪ್ರಶ್ನೆ: ನಮ್ಮದು ಸಿರವಾರ ತಾಲ್ಲೂಕಿನ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನಾಲ್ಕು ಎಕರೆಯನ್ನು ಲಾವಣಿಗೆ (ಗೇಣಿಗೆ) ಹಿಡಿದು ಭತ್ತ ಬೆಳೆಯುತ್ತೇವೆ. 2024ರ ಆಗಸ್ಟ್‌ನಲ್ಲಿ ಜಲಾಶಯದ ಹತ್ತೊಂಬತ್ತನೇ ಗೇಟು ಕೊಚ್ಚಿಹೋದಾಗ ಒಂದು ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. 2025ರ ಮುಂಗಾರು ಬೆಳೆಯ ನಂತರ, ಗೇಟುಗಳನ್ನು ಬದಲಾಯಿಸುವ ಕೆಲಸವಿದೆ, ಎರಡನೇ ಬೆಳೆಗೆ ನೀರಿಲ್ಲ ಎಂದರು. ಅತ್ತೆಯವರು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಬೆಳಗಿನ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದರ ತನಕ ನಾನು ಕೂರುವುದಿಲ್ಲ. ಪ್ರಾರ್ಥನೆಗೆಂದು ಮೊಣಕಾಲೂರಿದರೆ ಮಾತಿಗಿಂತ ಮೊದಲು ನಿದ್ದೆ ಬರುತ್ತದೆ. ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ‘ನಿನ್ನ ನಂಬಿಕೆ ಕುಗ್ಗಿದೆ’ ಎಂದರು. ದೇವರು ನಡೆಸುತ್ತಾನೆಂದು ಎಲ್ಲರೂ ಹೇಳುತ್ತಾರೆ, ಎಲ್ಲಿಗೆ ಎಂಬುದು ನನಗೆ ಕಾಣುತ್ತಿಲ್ಲ. ಖರೇ ಹೇಳಬೇಕೆಂದರೆ ಸಾಕಾಗ್ಯಾದ.

ಉತ್ತರ: ಸಹೋದರಿ, ನಿಮ್ಮ ಪತ್ರದ ಕೊನೆಯ ಪದವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ‘ಸಾಕಾಗ್ಯಾದ’ ಎಂದು ಬರೆದು, ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲೇ ಮತ್ತೆ ಬರೆದಿದ್ದೀರಿ. ಗೆರೆ ಎಳೆಯುವ ಅಗತ್ಯವಿರಲಿಲ್ಲ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡ, ವರ್ಷಗಟ್ಟಲೆಯ ಬರದ ನಂತರ ಮಳೆ ಸುರಿದದ್ದನ್ನೂ ಕಂಡ ಪ್ರವಾದಿ ಎಲೀಯನು, ರಾಣಿ ಈಜೆಬೆಲಳು ಕಳುಹಿಸಿದ ಒಂದು ಬೆದರಿಕೆಯ ಮಾತಿಗೆ ಬೆದರಿ ಬೇರ್ಷೆಬದಾಚೆಯ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು ದೇವರಿಗೆ ಹೇಳಿದ್ದು ಇದೇ ಮಾತನ್ನು: ಸಾಕಾಯಿತು, ಇನ್ನು ನನ್ನ ಪ್ರಾಣವನ್ನು ತೆಗೆದುಕೋ. ಆ ಗಿಡವಾದರೂ ಎಂಥದು? ನಮ್ಮ ಹೊಲದ ಬದುವಿನ ಬಳ್ಳಾರಿ ಜಾಲಿಯಂತೆ, ನೆರಳಿಗಿಂತ ಕಡ್ಡಿಯೇ ಹೆಚ್ಚಿರುವ ಮರುಭೂಮಿಯ ಪೊದೆ. ಅಂಥ ಅರೆನೆರಳಿನಲ್ಲಿ ಕುಳಿತು ಆಡಿದ ಮಾತನ್ನು ಬೈಬಲ್ಲಿನ ಅರಸುಗಳ ಮೊದಲನೇ ಪುಸ್ತಕದ ಹತ್ತೊಂಬತ್ತನೇ ಅಧ್ಯಾಯ ಮುಚ್ಚಿಡದೆ ಬರೆದಿಟ್ಟಿದೆ.

ಅದಕ್ಕೆ ದೇವರು ಕೊಟ್ಟ ಉತ್ತರದ ಕ್ರಮವನ್ನು ನೀವು ನಿಧಾನವಾಗಿ ಓದಬೇಕೆಂದು ನನ್ನ ಕೋರಿಕೆ. ‘ನಿನ್ನ ನಂಬಿಕೆ ಎಲ್ಲಿ ಹೋಯಿತು’ ಎಂಬ ಗದರಿಕೆ ಅಲ್ಲಿಲ್ಲ, ನಿನ್ನೆಯ ಅದ್ಭುತವನ್ನು ನೆನಪಿಸುವ ಉಪದೇಶವೂ ಇಲ್ಲ. ಎಲೀಯನು ಮಲಗಿ ನಿದ್ದೆ ಮಾಡಿದನು. ದೂತನು ಬಂದು ಅವನನ್ನು ತಟ್ಟಿ ಎಬ್ಬಿಸಿ ‘ಎದ್ದು ಊಟ ಮಾಡು’ ಎಂದನು. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ಒಂದು ತಂಬಿಗೆ ನೀರೂ ಇದ್ದವು. ಉಂಡು ಮತ್ತೆ ಮಲಗಿದನು. ಎರಡನೆಯ ಸಲ ಎಬ್ಬಿಸಿದಾಗಲೂ ಊಟವೇ, ಜೊತೆಗೆ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂಬ ಒಂದು ಮಾತು. ಆ ಊಟದ ಬಲದಿಂದ ನಲವತ್ತು ದಿನ ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದ ಮೇಲಷ್ಟೇ ದೇವರು ‘ಇಲ್ಲೇನು ಮಾಡುತ್ತಿದ್ದೀ’ ಎಂಬ ಪ್ರಶ್ನೆ ಕೇಳುವುದು. ನಿದ್ದೆ, ರೊಟ್ಟಿ, ಮತ್ತೆ ನಿದ್ದೆ, ಮತ್ತೆ ರೊಟ್ಟಿ, ಆಮೇಲೆ ಪ್ರಶ್ನೆ. ಈ ಭಾಗದ ಸಭೆಗಳಲ್ಲಿ ಮೂವತ್ತು ವರ್ಷ ಸೇವೆ ಮಾಡಿದ ನಾನು ಈ ಕ್ರಮವನ್ನು ಗಮನಿಸದೆ, ರೊಟ್ಟಿ ಬೇಕಾಗಿದ್ದವರ ಕೈಗೆ ವಾಕ್ಯವನ್ನಷ್ಟೇ ಕೊಟ್ಟು ಬಂದ ದಿನಗಳು ಬಹಳ ಇವೆ. ಆದ್ದರಿಂದ ನಿಮ್ಮ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಅವರ ಮೇಲೆ ಕಲ್ಲೆಸೆಯುವ ಹಕ್ಕೂ ನನಗಿಲ್ಲ. ಹದಿನೆಂಟು ತಾಸು ದುಡಿದ ದೇಹ ಮೊಣಕಾಲೂರಿದೊಡನೆ ನಿದ್ದೆಗೆ ಜಾರುವುದು ದಣಿವು. ಅದಕ್ಕೆ ಅವಿಶ್ವಾಸವೆಂಬ ಹೆಸರಿಡಬೇಡಿ. ರಾತ್ರಿ ಹನ್ನೊಂದರ ಪ್ರಾರ್ಥನೆಯನ್ನು ಬಿಟ್ಟು, ಬೆಳಗ್ಗೆ ಒಲೆ ಹೊತ್ತಿಸುವಾಗ ಎರಡು ಮಾತು ಆಡಿದರೆ ಸಾಕು.

ಇನ್ನೊಂದು ಮಾತು. ಎಲೀಯನಿಗೆ ರೊಟ್ಟಿಯನ್ನು ದೂತನು ತಂದನು. ನಮ್ಮ ಕಡೆ ಆ ಕೆಲಸ ಸಭೆಯವರದು. ವಾರಕ್ಕೆ ಎರಡು ಮಧ್ಯಾಹ್ನ ಅತ್ತೆಯವರ ಬಳಿ ಕೂರಲು ಸಭೆಯ ಇಬ್ಬರು ಸಹೋದರಿಯರನ್ನು ಬಾಯಿಬಿಟ್ಟು ಕೇಳಿರಿ. ಕೇಳುವುದಕ್ಕೆ ಸಂಕೋಚವೆಂದು ಬರೆದಿದ್ದೀರಿ. ನಿಮ್ಮ ಸಭೆಯಲ್ಲಿ ಮದುವೆಯ ಅಡುಗೆಗೆ ಜನ ತಾವಾಗಿಯೇ ಬರುತ್ತಾರೆ, ರೋಗಿಯ ಹಾಸಿಗೆ ಬದಲಾಯಿಸುವುದಕ್ಕೆ ಮಾತ್ರ ಕರೆಯಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ. ಮಲಗಲು ಸಮಯ ಸಿಕ್ಕ ಮೇಲೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸುವ ಯೋಚನೆ ಬಂದರೆ, ಪತ್ರ ಬರೆದು ಉತ್ತರಕ್ಕೆ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಿರಿ, ಅಥವಾ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿರಿ. ಅದು ಸರ್ಕಾರದ ಉಚಿತ ಸೇವೆ.

ಈಗ ಎಲ್ಲಿಗೆ ನಡೆಸುತ್ತಿದ್ದಾನೆ ಎಂಬ ಪ್ರಶ್ನೆ. ಕೊನೆಭಾಗದ ರೈತರಿಗೆ ಕಾಯುವುದೆಂದರೇನೆಂದು ನಾನು ಹೇಳಿಕೊಡಬೇಕಾಗಿಲ್ಲ. ಮುನಿರಾಬಾದಿನಲ್ಲಿ ನೀರು ಬಿಟ್ಟ ಸುದ್ದಿ ಮೊದಲು ಬರುತ್ತದೆ, ಗಂಗಾವತಿಯವರ ಗದ್ದೆ ಹಸಿರಾದ ಸುದ್ದಿ ಆಮೇಲೆ ಬರುತ್ತದೆ, ಸಿಂಧನೂರು ದಾಟಿದ ಸುದ್ದಿಯೂ ಬರುತ್ತದೆ, ನೀರು ಮಾತ್ರ ಇನ್ನೂ ಬಂದಿರುವುದಿಲ್ಲ. ಮೈಲಿಕಲ್ಲಿನ ಬಳಿ ಕಾಲುವೆಯ ನೀರಿನ ಮಟ್ಟ, ಅಂದರೆ ಗೇಜ್, ಎಷ್ಟಿದೆ ಎಂದು ಗಂಡಸರು ದಿನಕ್ಕೆ ಎರಡು ಸಲ ಹೋಗಿ ನೋಡಿ ಬರುತ್ತಾರೆ. ಇಷ್ಟಾದರೂ ನೀವು ಸಸಿಮಡಿ ಹಾಕುವುದನ್ನು ನೀರು ಕಂಡ ಮೇಲೆ ಮಾಡುತ್ತೀರಾ? ಹಾಗೆ ಮಾಡಿದರೆ ಹಂಗಾಮೇ ಮುಗಿದುಹೋಗುತ್ತದೆ. ಮೋಶೆಯ ಹಿಂದೆ ಮರುಭೂಮಿಯಲ್ಲಿ ನಡೆದ ಇಸ್ರಾಯೇಲ್ಯರ ಪ್ರಯಾಣವೂ ಇಂಥದೇ. ಗುಡಾರದ ಮೇಲಿನ ಮೇಘ ಎದ್ದರೆ ಅವರು ಹೊರಡಬೇಕು, ನಿಂತರೆ ನಿಲ್ಲಬೇಕು. ಅದು ಎರಡು ದಿನ ನಿಲ್ಲಬಹುದು, ಒಂದು ತಿಂಗಳು ನಿಲ್ಲಬಹುದು, ಒಂದು ವರ್ಷವೂ ನಿಲ್ಲಬಹುದು ಎಂದು ಬೈಬಲ್ಲಿನ ಅರಣ್ಯಕಾಂಡದ ಒಂಬತ್ತನೇ ಅಧ್ಯಾಯ ಹೇಳುತ್ತದೆ. ಎಷ್ಟು ದಿನ ಎಂಬ ತಿಳುವಳಿಕೆಯನ್ನು ಮೋಶೆಗೂ ಕೊಟ್ಟಂತಿಲ್ಲ. ಒಂದು ವರ್ಷ ಒಂದೇ ಕಡೆ ಗೂಟ ಹೊಡೆದುಕೊಂಡು ಕುಳಿತವರು ದಾರಿ ತಪ್ಪಿದವರಾಗಿರಲಿಲ್ಲ. ಅವರು ಮೇಘದ ಕೆಳಗೇ ಇದ್ದರು. ಕುಳಿತಿದ್ದ ಆ ವರ್ಷದಲ್ಲೂ ಬೆಳಗಾದರೆ ದೇವರು ಕೊಡುತ್ತಿದ್ದ ಮನ್ನವೆಂಬ ಆಹಾರವನ್ನು ಆರಿಸಿ ತರಬೇಕಿತ್ತು, ತಲೆಗೆ ಒಂದು ಓಮೆರ್ ಅಳತೆ, ಆ ದಿನಕ್ಕೆ ಮಾತ್ರ. ನಾಳೆಗೆಂದು ಎತ್ತಿಟ್ಟದ್ದು ಹುಳ ಬಿದ್ದು ನಾರಿತು. ನಮಗೆ ಕಾಡುವ ಅನಿಶ್ಚಿತತೆಯ ಬಹುಪಾಲು ನಾಳೆಯ ಓಮೆರನ್ನು ಇಂದೇ ಅಳೆಯಲು ಹೋಗುವುದರಿಂದ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಎಲ್ಲವೂ ಅಲ್ಲ, ಬಹುಪಾಲು. ಲಾವಣಿಯ ಹಣ ನಾಳೆಯ ಚಿಂತೆಯಲ್ಲ, ಅದು ಇಂದಿನದೇ ಎಂಬುದನ್ನು ನಾನು ಬಲ್ಲೆ.

ಆದ್ದರಿಂದಲೇ ಇಂದಿನ ಕೆಲಸವನ್ನು ಇಂದು ಮಾಡಿರಿ. ನೀರಿಲ್ಲದ ಹಂಗಾಮಿನಲ್ಲಿ ಆ ನೆಲಕ್ಕೆ ಜೋಳವೋ ಕಡಲೆಯೋ, ಅಥವಾ ಸುಮ್ಮನೆ ಬಿಡುವುದೇ ಲೇಸೋ ಎಂದು ನಿಮ್ಮ ಯಜಮಾನರು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಲಿ. ಒಂದೇ ಬೆಳೆ ಬಂದ ವರ್ಷಕ್ಕೆ ಎರಡು ಬೆಳೆಯ ಲಾವಣಿ ಹೇಗೆ ಕೊಡುವುದು ಎಂಬ ಲೆಕ್ಕವನ್ನು ಹೊಲದ ಒಡೆಯರ ಮುಂದೆ ಕುಳಿತು ಮಾತಾಡಲಿ. ಇದನ್ನು ದೇವರ ಮೇಲಿನ ಭರವಸೆಗೆ ಎದುರಾದ ಲೌಕಿಕ ಬುದ್ಧಿಯೆಂದು ಯಾರಾದರೂ ಹೇಳಿದರೆ ಅವರಿಗೆ ಹತ್ತೊಂಬತ್ತನೇ ಗೇಟನ್ನು ನೆನಪಿಸಿರಿ. ಆ ವಾರ ನಾವೆಲ್ಲ ಪ್ರಾರ್ಥಿಸಿದೆವು. ಪ್ರಾರ್ಥಿಸುತ್ತಿದ್ದ ಹೊತ್ತಿಗೆ ಅಣೆಕಟ್ಟಿನ ಮೇಲೆ ವಯಸ್ಸಾದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರೂ ಕಾರ್ಮಿಕರೂ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸುತ್ತಿದ್ದರು, ಗೇಟು ಕೊಚ್ಚಿಹೋಗಿ ಒಂದು ವಾರವಾಗುವಷ್ಟರಲ್ಲಿ ಸೋರಿಕೆ ನಿಂತಿತು, ಆಮೇಲೆ ಮಳೆಯಾಗಿ ಜಲಾಶಯ ಮತ್ತೆ ತುಂಬಿತು. ಇದರಲ್ಲಿ ಯಾವುದು ದೇವರ ಕೆಲಸ, ಯಾವುದು ಮನುಷ್ಯರದು ಎಂದು ಗೆರೆ ಎಳೆಯುವ ಗೋಜಿಗೆ ನಾನು ಹೋಗುವುದಿಲ್ಲ. ನಿಮ್ಮ ಮನೆಯ ಅನ್ನದಲ್ಲಿ ಎರಡೂ ಬೆರೆತಿವೆ.

ಪ್ರಶ್ನೆ: ನಾನು ಕೊಪ್ಪಳದವನು, ಪದವಿ ಮುಗಿಸಿ ಮೂರು ವರ್ಷದಿಂದ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಈಗ ತೋರಣಗಲ್ಲಿನ ಕಡೆ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ ಸಿಗುವಂತಿದೆ. ದೇವರ ಚಿತ್ತ ತಿಳಿಯಲು ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ಮೂರು ಸಲವೂ ಬೇರೆ ಬೇರೆ ಬಂತು. ಏನು ಮಾಡಲಿ?

ಉತ್ತರ: ಮೊದಲನೆಯ ಸಲ ಬಂದದ್ದು ಇಷ್ಟವಾಗದ ಕಾರಣಕ್ಕೇ ಎರಡನೆಯ ಸಲ ತೆರೆದಿರಿ ಎಂದು ಊಹಿಸುತ್ತೇನೆ, ಹಾಗಿದ್ದರೆ ನಿಮ್ಮ ಮನಸ್ಸು ಯಾವ ಕಡೆಗಿದೆ ಎಂಬುದು ಆಗಲೇ ತಿಳಿಯಿತು. ಇಸ್ರಾಯೇಲ್ಯರ ನಾಯಕ ಗಿದ್ಯೋನನು ಉಣ್ಣೆಯನ್ನು ಕಣದಲ್ಲಿ ಹಾಸಿ ದೇವರಿಂದ ಗುರುತು ಕೇಳಿದ್ದುಂಟು, ಅದೂ ಎರಡು ಸಲ. ಆದರೆ ಏನು ಮಾಡಬೇಕೆಂದು ದೇವರು ಅವನಿಗೆ ಮೊದಲೇ ಹೇಳಿಯಾಗಿತ್ತು. ಉಣ್ಣೆ ಅವನ ಹೆದರಿಕೆಗೆ ದೇವರು ತೋರಿದ ತಾಳ್ಮೆ, ನಮಗೆ ಕೊಟ್ಟ ವಿಧಾನವಲ್ಲ.

ಅಪೊಸ್ತಲರ ಕೃತ್ಯಗಳ ಹದಿನಾರನೇ ಅಧ್ಯಾಯ ನಿಮಗೆ ಹೆಚ್ಚು ಹತ್ತಿರದ್ದು. ಪೌಲನು ಅಸ್ಯ ಸೀಮೆಯಲ್ಲಿ ವಾಕ್ಯ ಸಾರಬೇಕೆಂದಿದ್ದನು, ತಡೆಯಾಯಿತು. ಬಿಥೂನ್ಯಕ್ಕೆ ಹೋಗಲು ನೋಡಿದನು, ಅದಕ್ಕೂ ತಡೆಯಾಯಿತು. ತ್ರೋವಕ್ಕೆ ಬಂದಾಗ ಮಕೆದೋನ್ಯದ ಮನುಷ್ಯನೊಬ್ಬನು ಕರೆದಂತೆ ರಾತ್ರಿ ದರ್ಶನವಾಯಿತು. ಅದನ್ನೂ ಅವನು ಒಬ್ಬನೇ ತೀರ್ಮಾನಿಸಿದಂತಿಲ್ಲ, ಜೊತೆಗಾರರೆಲ್ಲ ಸೇರಿ ಇದರ ಅರ್ಥವೇನೆಂದು ನಿಶ್ಚಯಿಸಿ ಹೊರಟರು. ಇಷ್ಟು ಸ್ಪಷ್ಟವಾದ ನಡೆಸುವಿಕೆಯನ್ನು ಹಿಂಬಾಲಿಸಿ ಫಿಲಿಪ್ಪಿಯನ್ನು ಮುಟ್ಟಿದ ಪೌಲನಿಗೂ ಜೊತೆಗಾರ ಸೀಲನಿಗೂ ಅಲ್ಲಿ ಏಟುಗಳೂ ಸೆರೆಮನೆಯೂ ಕಾದಿದ್ದವು. ಬಾಗಿಲು ಮುಚ್ಚಿದರೆ ದೇವರು ಬೇಡವೆಂದ, ಸುಗಮವಾದರೆ ಬೇಕೆಂದ ಎಂಬ ನಮ್ಮ ಸಭೆಗಳ ಸುಲಭ ಲೆಕ್ಕ ಆ ಸೆರೆಮನೆಯಲ್ಲಿ ನಿಲ್ಲುವುದಿಲ್ಲ.

ನಮ್ಮ ಜಿಲ್ಲೆಗಳ ಚರಿತ್ರೆಯಲ್ಲೇ ಒಂದು ನಿದರ್ಶನವಿದೆ. ಲಂಡನ್ ಮಿಷನರಿ ಸೊಸೈಟಿಯವರು ಜಾನ್ ಹ್ಯಾಂಡ್ಸ್ ಅವರನ್ನು ಕಳುಹಿಸಿದ್ದು ಶ್ರೀರಂಗಪಟ್ಟಣಕ್ಕೆಂದು. ಅಲ್ಲಿ ನೆಲೆಯೂರಲು ಆಗದೆ ಅವರು 1810ರಲ್ಲಿ ಬಳ್ಳಾರಿಗೆ ಬಂದರು. ಇಲ್ಲಿ ಕುಳಿತು ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ಕೈಹಚ್ಚಿದರು, ಅದಕ್ಕೆ ವರ್ಷಗಳೇ ಹಿಡಿದವು. ಬಳ್ಳಾರಿಯಲ್ಲಿ ಬಿಡಾರ ಇಳಿಸಿದ ದಿನ ಅವರಿಗೆ ಇದೇ ಸರಿಯಾದ ಊರೆಂಬ ಭಾವನೆ ಇದ್ದಿರಬೇಕಾಗಿಲ್ಲ. ಇರಲಿಲ್ಲವೆಂದೇ ನನಗೆ ತೋರುತ್ತದೆ. ಎರಡು ಶತಮಾನ ದಾಟಿದ ಮೇಲೆ ಹಿಂತಿರುಗಿ ನೋಡುವ ನಮಗೆ ಅದು ನಡೆಸುವಿಕೆಯೆಂದು ಕಾಣುತ್ತದೆ, ಅವರ ಪಾಲಿಗೆ ಅಂದು ಇದ್ದದ್ದು ಕಲಿಯಬೇಕಾದ ಒಂದು ಭಾಷೆ.

ಹಾಗಾಗಿ ಕಣ್ಣು ತೆರೆದು ನೋಡಿರಿ. ಗುತ್ತಿಗೆ ಎಷ್ಟು ದಿನದ್ದು, ಭವಿಷ್ಯನಿಧಿ ಹಾಗೂ ಇಎಸ್‌ಐ ಇವೆಯೇ, ಪಾಳಿಯ ಕೆಲಸವಾದರೆ ಓದಲು ಎಷ್ಟು ಹೊತ್ತು ಉಳಿಯುತ್ತದೆ, ಪರೀಕ್ಷೆಗೆ ವಯೋಮಿತಿಯಲ್ಲಿ ಇನ್ನೆಷ್ಟು ವರ್ಷಗಳಿವೆ, ಮನೆಯಲ್ಲಿ ತಂದೆ ತೀರಿಸುತ್ತಿರುವ ಸಾಲ ಎಷ್ಟು? ಇವನ್ನು ಒಂದು ಹಾಳೆಯಲ್ಲಿ ಬರೆದು, ನಿಮ್ಮ ಹಿತ ಬಯಸುವ ಇಬ್ಬರಿಗೆ ತೋರಿಸಿರಿ. ಆ ಇಬ್ಬರಲ್ಲಿ ಒಬ್ಬರು ಪಾಳಿಯ ಕೆಲಸ ಮಾಡಿದವರಾಗಿರಲಿ. ಎರಡೂ ದಾರಿಗಳಲ್ಲಿ ಪಾಪವಿಲ್ಲದಿದ್ದಾಗ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ದೇವರು ನಿಮಗೇ ಬಿಟ್ಟಿರಬಹುದು. ಕೆಲಸಕ್ಕೆ ಸೇರಿ ಆರು ತಿಂಗಳಿಗೆ ಬಿಟ್ಟುಬಂದರೂ ಆತನ ಕೈ ತಪ್ಪಿಹೋಯಿತೆಂದು ಹೆದರಬೇಕಾಗಿಲ್ಲ. ನಿಮ್ಮ ಪತ್ರದಿಂದ ನನಗೆ ತೋರುವುದು, ಮೂರು ವರ್ಷ ಒಂದೇ ಕೋಣೆಯಲ್ಲಿ ಓದಿ ನೀವು ಬಹಳ ಬಳಲಿದ್ದೀರಿ ಎಂಬುದು. ಆದ್ದರಿಂದ ಸೇರಿರಿ ಎಂದೇ ಹೇಳುತ್ತೇನೆ. ತಪ್ಪಾದರೆ ನನ್ನನ್ನು ಬೈಯಿರಿ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ನನ್ನದು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಪೂರ್ಣ ಭರವಸೆ ಇದ್ದರೆ ಮಾತ್ರೆ ಏಕೆ ಎಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು ಕೇಳಿದರು. ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ. ಅರಸನಾದ ಹಿಜ್ಕೀಯನು ಸಾಯುವ ಹಾಗಿದ್ದಾಗ ದೇವರು ಅವನ ಪ್ರಾರ್ಥನೆಯನ್ನು ಕೇಳಿ, ಇನ್ನೂ ಹದಿನೈದು ವರ್ಷ ಆಯುಸ್ಸು ಕೊಡುವೆನೆಂದು ಯೆಶಾಯನ ಮೂಲಕ ಮಾತುಕೊಟ್ಟನು. ಮಾತುಕೊಟ್ಟಾದ ಮೇಲೆ ಅದೇ ಯೆಶಾಯನು ಅಂಜೂರದ ಹಣ್ಣುಗಳ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸಿದನು. ಪೌಲನ ಸಂಗಡ ಇದ್ದ ಲೂಕನು ವೈದ್ಯ. ಪಾಳಿಯ ಒತ್ತಡದಲ್ಲಿ ಊಟ ತಪ್ಪಿಸಿ ಮಾತ್ರೆ ಮಾತ್ರ ನುಂಗುವುದೂ ಅಪಾಯ, ಅದನ್ನು ವೈದ್ಯರಿಗೆ ತಿಳಿಸಿರಿ. ಮಾತ್ರೆಯ ಚೀಟಿಯನ್ನು ಬೈಬಲ್ಲಿನೊಳಗೆ ಇಟ್ಟುಕೊಂಡಿರುವುದಾಗಿ ಬರೆದಿದ್ದೀರಿ. ಅಲ್ಲೇ ಇರಲಿ, ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಹೋಗುವಾಗ ಮಾತ್ರ ಮರೆಯದೆ ತೆಗೆದುಕೊಂಡು ಹೋಗಿರಿ.